ಭಾನುವಾರದ ಶಿಕಾರಿ: ಮಕ್ಕಳಿಗೆಂದು ಬರೆದ ಮಸೂದೆಯೊಂದು ಬಿದ್ದ ಬಗೆ

ಇದು ಅಮೆರಿಕದ ಈಶಾನ್ಯ ಮೂಲೆಯಲ್ಲಿರುವ ಮೇನ್ ರಾಜ್ಯದ ಪ್ರಕರಣ. ಹದಿನಾರು ತುಂಬದ ಮಕ್ಕಳು ದೊಡ್ಡವರೊಬ್ಬರ ಜೊತೆಯಲ್ಲಿ ಭಾನುವಾರವೂ ಜಿಂಕೆ ಬೇಟೆಗೆ ಹೋಗಬಹುದು ಎಂಬ ಒಂದು ಸಾಲಿನ ತಿದ್ದುಪಡಿಗಾಗಿ ಒಂದು ಊರಿನ ಬೇಟೆ-ಮೀನುಗಾರಿಕೆ ಕ್ಲಬ್ಬು ಚಳಿಗಾಲವಿಡೀ ಓಡಾಡಿತು. ಮಸೂದೆ ಸಮಿತಿಯಲ್ಲೇ ಬಿತ್ತು. ಅದೇನೂ ದೊಡ್ಡ ಸುದ್ದಿಯಲ್ಲ, ಭಾನುವಾರದ ಬೇಟೆಯ ಮಸೂದೆಗಳು ಬರುವುದೂ ಬೀಳುವುದೂ ಅಲ್ಲಿ ವಾಡಿಕೆ. ಆದರೆ ಇದನ್ನು ಬೀಳಿಸಿದವರು ಬೇಟೆಯ ವಿರೋಧಿಗಳಲ್ಲ. ಇಷ್ಟು ವರ್ಷ ಬೇಟೆಗೆ ಜಾಗ ಕೊಟ್ಟವರು, ಕೊನೆಗೆ ಬೇಟೆಗಾರರೇ. ಅದಕ್ಕಾಗಿ ಬರೆದಿಡುತ್ತಿದ್ದೇನೆ. ನನ್ನ ಕೆಲಸ ಸಣ್ಣ ಅರಣ್ಯ ಹಿಡುವಳಿದಾರರ ಜೊತೆ. ಹಾಗಾಗಿ ಈ ಜಗಳವನ್ನು ನಾನು ಬೇಲಿಯ ಒಳಗಿನಿಂದ ನೋಡಿದವನು ಎಂಬುದು ಓದುಗರ ಗಮನದಲ್ಲಿರಲಿ. ಯಾರ ಗುರುತೂ ಹತ್ತದಂತೆ ಊರು, ವರ್ಷ, ಕುಟುಂಬಗಳ ವಿವರ ಬದಲಿಸಿದ್ದೇನೆ.

ಹಿನ್ನೆಲೆ

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದಮೇಲೆ ನಮ್ಮಲ್ಲಿ ಶಿಕಾರಿ ಎಂದರೆ ಒಂದೋ ಅಪರಾಧ, ಇಲ್ಲವೇ ಅಜ್ಜಂದಿರ ಕಥೆ. ಅಮೆರಿಕದಲ್ಲಿ ಅದು ಸರ್ಕಾರಿ ಇಲಾಖೆ ಕ್ಯಾಲೆಂಡರ್ ಹಾಕಿ ನಡೆಸುವ ಋತು. ಯಾವ ಪ್ರಾಣಿ, ಯಾವ ತಿಂಗಳು, ಯಾವ ಆಯುಧ, ದಿನದ ಯಾವ ಹೊತ್ತು, ಎಲ್ಲಕ್ಕೂ ನಿಯಮ. ಲೈಸೆನ್ಸ್ ಶುಲ್ಕ, ಅದರ ಜೊತೆ 1937ರ ಪಿಟ್‌ಮನ್-ರಾಬರ್ಟ್‌ಸನ್ ಕಾಯ್ದೆಯಂತೆ ಬಂದೂಕು ಮತ್ತು ಮದ್ದುಗುಂಡಿನ ಮೇಲೆ ಬೀಳುವ ತೆರಿಗೆ, ಇವೆರಡರಿಂದಲೇ ರಾಜ್ಯಗಳ ವನ್ಯಜೀವಿ ಇಲಾಖೆಗಳ ಬೊಕ್ಕಸ ಬಹುಮಟ್ಟಿಗೆ ತುಂಬುತ್ತದೆ. ಫೆಡರಲ್ ಸಮೀಕ್ಷೆಯ ಪ್ರಕಾರ 2011ರಲ್ಲಿ ಇಡೀ ದೇಶದಲ್ಲಿ 1.37 ಕೋಟಿ ಇದ್ದ ಬೇಟೆಗಾರರು 2016ರ ಹೊತ್ತಿಗೆ 1.15 ಕೋಟಿಗೆ ಇಳಿದಿದ್ದರು. ಮಕ್ಕಳನ್ನು ಬೇಟೆಗೆ ಕರೆತರಬೇಕು ಎಂಬ ಮಾತನ್ನು ಅಲ್ಲಿ ಅಪ್ಪಂದಿರಷ್ಟೇ ಅಲ್ಲ, ಇಲಾಖೆಗಳೂ ಬಂದೂಕು ಉದ್ಯಮವೂ ಆಡುವುದು ಈ ಕಾರಣಕ್ಕೆ.

ಅಲ್ಲಿ ಕಾಡುಪ್ರಾಣಿ ಯಾರ ಸ್ವಂತ ಸ್ವತ್ತೂ ಅಲ್ಲ. ಜನರ ಪರವಾಗಿ ರಾಜ್ಯವೇ ಅದಕ್ಕೆ ಧರ್ಮದರ್ಶಿ. ಆದರೆ ಆ ಪ್ರಾಣಿ ನಿಂತಿರುವ ನೆಲ ಖಾಸಗಿಯವರದ್ದು, ಮೇನ್‌ನಲ್ಲಂತೂ ನೂರಕ್ಕೆ ತೊಂಬತ್ತು ಪಾಲಿಗೂ ಹೆಚ್ಚು. ಅಂದಮೇಲೆ ಜಿಂಕೆಗೆ ಗುರಿಯಿಡಲು ಲೈಸೆನ್ಸ್ ಕೊಡುವುದು ರಾಜ್ಯ, ಗುರಿಯಿಡುವಾಗ ಕಾಲೂರಲು ಜಾಗ ಕೊಡುವುದು ಇನ್ನೊಬ್ಬರು. ಆ ಇನ್ನೊಬ್ಬರು ಬೋರ್ಡು ಹಾಕಿ ತಡೆಯದಿದ್ದರೆ ಒಳಗೆ ಹೋಗಬಹುದು ಎಂಬುದು ಮೇನ್‌ನ ಹಳೆಯ ರೂಢಿ. ಬೋರ್ಡಿನ ಬದಲು ಮರಗಳಿಗೆ ನೇರಳೆ ಬಣ್ಣದ ಉದ್ದ ಗೆರೆ ಎಳೆದರೂ ಆಯಿತು: ‘ಕೇಳದೆ ಬರಬೇಡಿ’ ಎಂದೇ ಅರ್ಥ. ಬಹಳ ಜನ ಬೋರ್ಡೂ ಹಾಕುವುದಿಲ್ಲ, ಗೆರೆಯೂ ಎಳೆಯುವುದಿಲ್ಲ. ಹಣ ಕೇಳುವುದೂ ಇಲ್ಲ. ಹೊರರಾಜ್ಯದವರಿಗೆ ಇದು ನಂಬಲಾಗದ ಔದಾರ್ಯ.

ಭಾನುವಾರದ ನಿಷೇಧ 1883ರದ್ದು. ಹುಟ್ಟಿದ್ದು ಚರ್ಚಿನ ದಿನವೆಂಬ ಕಾರಣಕ್ಕೆ. ಅಂಗಡಿ ತೆರೆಯಬಾರದು ಎಂಬಂಥ ಅದರ ಓರಗೆಯ ಕಟ್ಟಳೆಗಳು ಒಂದೊಂದಾಗಿ ಸಡಿಲಗೊಂಡವು, ಬೇಟೆಯದ್ದು ಉಳಿಯಿತು. ಉಳಿಸಿದ್ದು ಪಾದ್ರಿಗಳಲ್ಲ, ಜಮೀನಿನ ಒಡೆಯರು. ವಾರಕ್ಕೆ ಆರು ದಿನ ನಮ್ಮ ಕಾಡು ನಿಮ್ಮದು, ಒಂದು ದಿನ ನಮಗೆ ಬಿಡಿ ಎಂಬ ಬರೆಯದ ಒಪ್ಪಂದ ಅದು. 2021ರಲ್ಲಿ ಮೇನ್‌ನ ಮತದಾರರು ‘ಆಹಾರದ ಹಕ್ಕ’ನ್ನು ರಾಜ್ಯದ ಸಂವಿಧಾನಕ್ಕೆ ಸೇರಿಸಿದಾಗ, ಅದರ ಆಧಾರದ ಮೇಲೆ ಭಾನುವಾರದ ನಿಷೇಧವನ್ನು ಕೋರ್ಟಿನಲ್ಲಿ ಪ್ರಶ್ನಿಸಿದ್ದೂ ಆಯಿತು. 2024ರ ಮಾರ್ಚಿನಲ್ಲಿ ರಾಜ್ಯದ ಸರ್ವೋಚ್ಚ ನ್ಯಾಯಾಲಯ ನಿಷೇಧವನ್ನೇ ಎತ್ತಿಹಿಡಿಯಿತು. ಈಗ ಭಾನುವಾರದ ಬೇಟೆಗೆ ಪೂರ್ತಿ ಬಾಗಿಲು ಹಾಕಿರುವ ರಾಜ್ಯಗಳು ಮೇನ್ ಮತ್ತು ಮ್ಯಾಸಚೂಸೆಟ್ಸ್ ಎರಡೇ.

ಸಮಸ್ಯೆ

ಮೇನ್‌ನ ನಡುಭಾಗದ ಆ ಊರಿನಲ್ಲಿ ಗ್ಯಾರೇಜಿನಲ್ಲಿ ದುಡಿಯುವ ಒಬ್ಬ ತಂದೆ. ಶನಿವಾರವೂ ಮಧ್ಯಾಹ್ನದವರೆಗೆ ಕೆಲಸ. ಹದಿಮೂರರ ಮಗಳು ಬೇಟೆ ಸುರಕ್ಷತೆಯ ತರಗತಿ ಮುಗಿಸಿ ಕಿರಿಯರ ಲೈಸೆನ್ಸ್ ಪಡೆದಿದ್ದಳು. ಬಂದೂಕಿನ ಜಿಂಕೆ ಋತು ನವೆಂಬರಿನಲ್ಲಿ. ಅದೇ ಹೊತ್ತಿಗೆ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ, ಸಂಜೆ ನಾಲ್ಕೂಕಾಲರ ಆಸುಪಾಸಿಗೆ ಸೂರ್ಯ ಮುಳುಗುತ್ತಾನೆ. ಮುಳುಗಿ ಅರ್ಧ ಗಂಟೆಯವರೆಗೆ ಮಾತ್ರ ಬೇಟೆಗೆ ಅನುಮತಿ. ಶಾಲೆ ಬಿಟ್ಟು, ಬಸ್ಸಿಳಿದು, ಇತರ ಬೇಟೆಗಾರರ ಕಣ್ಣಿಗೆ ಬೀಳಲೆಂದು ತೊಡುವ ಕಿತ್ತಳೆ ಬಣ್ಣದ ಜಾಕೀಟು ತೊಟ್ಟು ಕಾಡಿನಂಚಿಗೆ ಹೋಗುವಷ್ಟರಲ್ಲಿ ಬೆಳಕು ಮುಗಿದಿರುತ್ತದೆ. ಶನಿವಾರ ಅವಳಿಗೆ ಪಂದ್ಯ, ಅಪ್ಪನಿಗೆ ಗ್ಯಾರೇಜು. ಅಕ್ಟೋಬರ್ ಕೊನೆಯಲ್ಲಿ ಮಕ್ಕಳಿಗೆಂದೇ ಮೀಸಲಾದ ಎರಡು ದಿನಗಳಿವೆ. ಅವೂ ಶುಕ್ರವಾರ, ಶನಿವಾರವೇ.

ಲೆಕ್ಕ ಹಾಕಿದರೆ ಅಪ್ಪ-ಮಗಳಿಬ್ಬರಿಗೂ ಬಿಡುವಿದ್ದ ದಿನ ಭಾನುವಾರ ಒಂದೇ. ಅವನ ದೂರು ನ್ಯಾಯವಾದದ್ದೇ. ‘ಮಕ್ಕಳು ಫೋನು ಬಿಟ್ಟು ಕಾಡಿಗೆ ಬರಲಿ ಅಂತ ಎಲ್ಲರೂ ಭಾಷಣ ಬಿಗಿಯುತ್ತಾರೆ, ಬರುವ ದಿನ ಮಾತ್ರ ಕಾನೂನು ಬೀಗ ಹಾಕುತ್ತದೆ’ ಎಂದು ಕ್ಲಬ್ಬಿನ ಸಭೆಯಲ್ಲಿ ಹೇಳಿದ. ಅವನ ಮಾತಿಗೆ ಎದುರಾಡಿದವರಿಲ್ಲ.

ಅಪ್ಪ-ಮಗಳು ಬೇಟೆಗೆ ಹೋಗುತ್ತಿದ್ದದ್ದು ಎಪ್ಪತ್ತು ದಾಟಿದ ಒಬ್ಬ ವಿಧವೆಯ ಕಾಡಿಗೆ. ಅವರನ್ನು ಇಲ್ಲಿ ಯಜಮಾನಿ ಎನ್ನುತ್ತೇನೆ. ನೂರೈವತ್ತು ಎಕರೆಗೂ ಮಿಕ್ಕ ಮೇಪಲ್, ಸ್ಪ್ರೂಸ್ ಮರಗಳ ಕಾಡು, ಅಂಚಿನಲ್ಲಿ ಹುಲ್ಲುಗಾವಲು. ಗಂಡನ ಕಾಲದಿಂದಲೂ ಬೋರ್ಡು ಹಾಕಿದವರಲ್ಲ. ಕ್ಲಬ್ಬಿನವರು ಮಕ್ಕಳಿಗೆ ಜಿಂಕೆಯ ಹೆಜ್ಜೆಗುರುತು ತೋರಿಸಲು ಕರೆತರುತ್ತಿದ್ದದ್ದೂ ಅಲ್ಲಿಗೇ.

ಮೊದಲ ತೀರ್ಮಾನ: ಚಿಕ್ಕ ಬಾಗಿಲು

ಕ್ಲಬ್ಬಿನ ಅಧ್ಯಕ್ಷ ಅನುಭವಸ್ಥ. ಎಲ್ಲರಿಗೂ ಭಾನುವಾರ ಕೇಳಿದರೆ ಆಗದು ಎಂದು ಬಲ್ಲವನು. ಹಾಗಾಗಿ ಮಕ್ಕಳಿಗೆ ಮಾತ್ರ ಕೇಳೋಣ, ಅದೂ ಬಂದೂಕಿನ ಋತುವಿನ ನಾಲ್ಕೇ ಭಾನುವಾರ, ಜೊತೆಗಿರುವ ದೊಡ್ಡವರ ಕೈಯಲ್ಲಿ ಬಂದೂಕು ಇರಬಾರದು ಎಂಬ ಷರತ್ತೂ ಇರಲಿ ಎಂದ. ಮಕ್ಕಳಿಗೆ ಬೇಡ ಎನ್ನಲು ಯಾರಿಗೆ ಬಾಯಿ ಬಂದೀತು? ಸ್ಥಳೀಯ ಶಾಸಕಿ ಮಸೂದೆ ಮಂಡಿಸಲು ಒಪ್ಪಿದರು.

ತಂತ್ರವಾಗಿ ಇದು ಜಾಣತನವೇ. ಆದರೆ ಆ ಜಾಣತನ ಎದುರಿನವರಿಗೂ ಕಾಣುತ್ತದೆ ಎಂಬುದನ್ನು ಕ್ಲಬ್ಬು ಲೆಕ್ಕಕ್ಕೆ ಹಿಡಿಯಲಿಲ್ಲ. ಬೆರಳು ತೋರಿಸಿದರೆ ಹಸ್ತ ನುಂಗುವವರು ಎಂಬ ಶಂಕೆ ಜಮೀನಿನವರಲ್ಲಿ ಮೊದಲೇ ಇತ್ತು. ಬೇರೆ ರಾಜ್ಯಗಳ ಇತಿಹಾಸವೂ ಆ ಶಂಕೆಗೆ ನೀರೆರೆಯುವಂಥದ್ದೇ. ವರ್ಜೀನಿಯಾದಲ್ಲಿ 2014ರಲ್ಲಿ ಖಾಸಗಿ ಜಮೀನಿಗೆ ಮಾತ್ರ ಎಂದು ಶುರುವಾದದ್ದು 2022ರಲ್ಲಿ ಸಾರ್ವಜನಿಕ ಕಾಡಿಗೂ ಬಂತು. ಪೆನ್ಸಿಲ್ವೇನಿಯಾದಲ್ಲಿ 2019ರ ಕಾಯ್ದೆ ಕೊಟ್ಟದ್ದು ವರ್ಷಕ್ಕೆ ಮೂರು ಭಾನುವಾರ. 2025ರ ಜುಲೈನಲ್ಲಿ ಅಲ್ಲಿನ ಗವರ್ನರ್ ಜಾಶ್ ಶಪೀರೊ ಸಹಿ ಹಾಕುವುದರೊಂದಿಗೆ ನಿಷೇಧವೇ ಹೋಯಿತು. ಹಂತಹಂತವಾಗಿ ಹೋಗುವುದು ತಪ್ಪೆಂದು ನಾನು ಹೇಳುತ್ತಿಲ್ಲ. ಮೊದಲ ಮೆಟ್ಟಿಲಿಗೆ ಮಕ್ಕಳನ್ನು ನಿಲ್ಲಿಸಿದರೆ ಎರಡನೆಯ ಮೆಟ್ಟಿಲು ಯಾವುದೆಂದು ಕೇಳುವವರು ಇದ್ದೇ ಇರುತ್ತಾರೆ.

ಈ ಹಂತದಲ್ಲಿ ಮಾಡದೆ ಬಿಟ್ಟ ಕೆಲಸ ಇನ್ನೂ ದೊಡ್ಡದು. ಕರಡು ಬರೆಯುವ ಮೊದಲು ಯಾರೂ ಯಜಮಾನಿಯ ಮನೆಯ ಕದ ತಟ್ಟಲಿಲ್ಲ. ಅವರಿಗೆ ವಿಷಯ ಗೊತ್ತಾದದ್ದು ಪತ್ರಿಕೆಯಿಂದ.

ವಿಚಾರಣೆಯ ದಿನ

ಮೇನ್‌ನಲ್ಲಿ ಒಂದು ಒಳ್ಳೆಯ ಪದ್ಧತಿ ಇದೆ. ಪ್ರತಿ ಮಸೂದೆಗೂ ಸಾರ್ವಜನಿಕ ವಿಚಾರಣೆ ನಡೆಯುತ್ತದೆ, ಯಾರು ಬೇಕಾದರೂ ರಾಜಧಾನಿ ಅಗಸ್ಟಾಕ್ಕೆ ಬಂದು ಸಮಿತಿಯ ಮುಂದೆ ಕೆಲವು ನಿಮಿಷ ಮಾತಾಡಬಹುದು. ಹುಡುಗಿ ಬರೆದು ತಂದದ್ದನ್ನು ಓದಿದಳು. ಚೆನ್ನಾಗಿ ಓದಿದಳು. ತನಗೆ ಕೊಂಬಿನ ಆಸೆಯಿಲ್ಲ, ಅಪ್ಪನ ಜೊತೆ ಒಂದು ಇಡೀ ದಿನ ಕಾಡಿನಲ್ಲಿ ಕೂರುವ ಆಸೆ ಎಂದಳು. ಸಮಿತಿಯವರು ಕಾಗದ ತಿರುವುವುದನ್ನು ನಿಲ್ಲಿಸಿ ಕೇಳಿದರು.

ಆಮೇಲೆ ಯಜಮಾನಿ ಬಂದರು. ಬೇಟೆಗೆ ತನ್ನ ವಿರೋಧವಿಲ್ಲ, ಈಗ ಮಾತಾಡಿದ ಹುಡುಗಿ ತನ್ನ ಕಾಡಿನಲ್ಲೇ ಕಲಿತವಳು ಎಂದೇ ಶುರುಮಾಡಿದರು. ನವೆಂಬರಿನಲ್ಲಿ ಭಾನುವಾರ ಒಂದು ದಿನ ಮಾತ್ರ ಮೊಮ್ಮಕ್ಕಳನ್ನು ಕಿತ್ತಳೆ ಜಾಕೀಟಿಲ್ಲದೆ ಹೊರಗೆ ಬಿಡುತ್ತೇನೆ ಎಂದರು. ಆ ಸೀಮೆಯಲ್ಲಿ ಈ ಮಾತಿನ ತೂಕ ಬೇರೆ. 1988ರ ನವೆಂಬರಿನಲ್ಲಿ ಬ್ಯಾಂಗರ್ ಪಕ್ಕದ ಹರ್ಮನ್ ಎಂಬ ಊರಿನಲ್ಲಿ, ತನ್ನ ಮನೆಯ ಹಿತ್ತಿಲಲ್ಲೇ ನಿಂತಿದ್ದ ಒಬ್ಬ ಎಳೆಯ ತಾಯಿಯನ್ನು ಬೇಟೆಗಾರನೊಬ್ಬ ಜಿಂಕೆಯೆಂದು ಭ್ರಮಿಸಿ ಕೊಂದಿದ್ದ. ಅವಳ ಕೈಯಲ್ಲಿ ಬಿಳಿಯ ಕೈಗವಸು ಇತ್ತು, ಜಿಂಕೆಯ ಬಿಳಿ ಬಾಲದಂತೆ ಕಾಣುವಂಥದ್ದು. ಕೋರ್ಟು ಅವನನ್ನು ಖುಲಾಸೆ ಮಾಡಿತು. ಗುರಿ ಏನೆಂದು ಖಚಿತವಾಗದೆ ಗುಂಡು ಹಾರಿಸಬಾರದು ಎಂಬ ಕಟ್ಟುನಿಟ್ಟಿನ ಕಾನೂನು ಬಂದದ್ದು ಆಮೇಲೆ. ಆಗಿನಿಂದ ಬೇಟೆಯ ಅಪಘಾತಗಳು ಬಹಳ ಕಡಿಮೆಯಾಗಿವೆ, ಅದು ನಿಜ. ಆದರೆ ಆ ಕೈಗವಸನ್ನು ಆ ವಯಸ್ಸಿನವರು ಯಾರೂ ಮರೆತಿಲ್ಲ. ಯಜಮಾನಿ ಅದರ ಹೆಸರೆತ್ತಲಿಲ್ಲ, ಎತ್ತುವ ಅಗತ್ಯವೂ ಇರಲಿಲ್ಲ.

ಕೊನೆಗೆ ಅವರು ಹೇಳಿದ್ದು ಇಷ್ಟು: ‘ಇದು ಪಾಸಾದರೆ ನಾನು ಭಾನುವಾರಕ್ಕಷ್ಟೇ ಬೋರ್ಡು ಹಾಕುವುದಿಲ್ಲ. ಅಂಥ ಬೋರ್ಡು ಸಿಗುವುದೂ ಇಲ್ಲ. ಏಳೂ ದಿನಕ್ಕೆ ಹಾಕುತ್ತೇನೆ.’

ಮಸೂದೆ ಅಂದೇ ಅರ್ಧ ಮುಗಿಯಿತು. ಉಳಿದರ್ಧವನ್ನು ಮುಗಿಸಿದ್ದು ಸಮಿತಿಯ ಸದಸ್ಯರೊಬ್ಬರ ಪ್ರಶ್ನೆ. ಈಗ ನವೆಂಬರಿನ ಭಾನುವಾರ ಕಾಡಿನ ನಡುವೆ ಈಡು ಕೇಳಿಸಿದರೆ ಗೇಮ್ ವಾರ್ಡನ್, ಅಂದರೆ ಬೇಟೆಯ ಕಾನೂನು ಕಾಯುವ ಅಧಿಕಾರಿ, ಹೋಗಿ ವಿಚಾರಿಸಲು ಅಷ್ಟೇ ಸಾಕು. ಮಕ್ಕಳಿಗೆ ವಿನಾಯಿತಿ ಕೊಟ್ಟರೆ ಆ ಈಡು ಹದಿಮೂರರ ಕೈಯದೋ ನಲವತ್ತರ ಕೈಯದೋ ಎಂದು ಯಾರು ಹೇಳಬೇಕು? ಹೊಡೆದದ್ದು ಅಪ್ಪ, ಹೆಸರು ಮಗನದು ಎಂಬ ಉಪಾಯಕ್ಕೆ ದಾರಿಯಾಗುವುದಿಲ್ಲವೇ? ದೊಡ್ಡವರ ಕೈಯಲ್ಲಿ ಬಂದೂಕಿರಬಾರದು ಎಂಬ ಷರತ್ತು ಇದಕ್ಕೇ ಇದೆ ಎಂದು ಶಾಸಕಿ ಉತ್ತರಿಸಿದರು. ಇಬ್ಬರ ನಡುವೆ ಒಂದೇ ಬಂದೂಕು ಇದ್ದಾಗ ಅದು ಯಾರ ಕೈಯಲ್ಲಿತ್ತು ಎಂಬುದಕ್ಕೆ ಸಾಕ್ಷಿ ಮರಗಳು ಮಾತ್ರ ಎಂದು ಯಾರೋ ಹಿಂದಿನಿಂದ ಗೊಣಗಿದರು.

ತಿದ್ದುಪಡಿ, ಮತ್ತು ಕ್ಲಬ್ಬು ಒಡೆದದ್ದು

ಶಾಸಕಿ ಸುಲಭಕ್ಕೆ ಬಿಟ್ಟುಕೊಡುವವರಲ್ಲ. ಪೆನ್ಸಿಲ್ವೇನಿಯಾದ 2019ರ ಕಾಯ್ದೆಯಿಂದ ಒಂದು ಅಂಶವನ್ನು ತಂದರು: ಭಾನುವಾರ ಖಾಸಗಿ ಜಮೀನಿನಲ್ಲಿ ಬೇಟೆಯಾಡಲು ಒಡೆಯರ ಲಿಖಿತ ಅನುಮತಿ ಜೇಬಿನಲ್ಲಿರಬೇಕು. ಅಲ್ಲಿ ಈ ಷರತ್ತೂ, ಅತಿಕ್ರಮ ಪ್ರವೇಶಕ್ಕೆ ಬಿಗಿಯಾದ ದಂಡವೂ ಸೇರಿದ ಮೇಲೆ ರೈತ ಸಂಘಟನೆಯ ಹಳೆಯ ವಿರೋಧ ತಣ್ಣಗಾಗಿತ್ತು. ಇಲ್ಲೂ ಹಾಗೆಯೇ ಆಗಬಹುದೆಂದು ಅವರ ಎಣಿಕೆ. ನನಗೂ ಆಗ ಅದು ಹಾವೂ ಸಾಯದ, ಕೋಲೂ ಮುರಿಯದ ದಾರಿಯಾಗಿ ಕಂಡಿತ್ತು.

ಯಜಮಾನಿ ಯೋಚಿಸುತ್ತೇನೆ ಎಂದರು. ಸಿಡಿದದ್ದು ಕ್ಲಬ್ಬು. ‘ಇವತ್ತು ಭಾನುವಾರಕ್ಕೆ ಚೀಟಿ ಎಂದು ಒಪ್ಪಿದರೆ ನಾಳೆ ಸೋಮವಾರಕ್ಕೂ ಚೀಟಿ ಕೇಳುತ್ತಾರೆ’ ಎಂದು ಹಿರಿಯ ಸದಸ್ಯರು ಎದ್ದುನಿಂತರು. ಬೋರ್ಡಿಲ್ಲದಿದ್ದರೆ ಹೋಗಬಹುದು ಎಂಬ ರೂಢಿ ತಲೆಕೆಳಗಾಗಿ, ಚೀಟಿಯಿಲ್ಲದಿದ್ದರೆ ಹೋಗಬಾರದು ಎಂದಾಗಿಬಿಟ್ಟರೆ? ನಾಲ್ಕು ಭಾನುವಾರಕ್ಕಾಗಿ ವರ್ಷದ ಉಳಿದ ದಿನಗಳನ್ನು ಪಣಕ್ಕಿಡಲು ಅವರು ತಯಾರಿರಲಿಲ್ಲ. ಕಿರಿಯ ಅಪ್ಪ-ಅಮ್ಮಂದಿರು ಒಂದು ಕಡೆ, ಬಿಳಿಗಡ್ಡದವರು ಇನ್ನೊಂದು ಕಡೆ. ಕೊನೆಗೆ ಕ್ಲಬ್ಬು ತಿದ್ದುಪಡಿಯನ್ನು ಬೆಂಬಲಿಸುವುದಿಲ್ಲ ಎಂದು ಸಮಿತಿಗೆ ಕಾಗದ ಬರೆಯಿತು. ತಾನೇ ಬರೆಸಿದ ಮಸೂದೆಯ ವಿರುದ್ಧ.

ಸಮಿತಿ ಒಮ್ಮತದಿಂದ ‘ಪಾಸಾಗತಕ್ಕದ್ದಲ್ಲ’ ಎಂದು ವರದಿ ಮಾಡಿತು. ವರದಿ ಒಮ್ಮತದ್ದಾದರೆ ಮಸೂದೆ ಸದನದಲ್ಲಿ ಚರ್ಚೆಗೂ ಬರದೆ ಕಡತ ಸೇರುತ್ತದೆ.

ಆಮೇಲೆ

ಮಸೂದೆ ಬಿದ್ದರೂ ಯಜಮಾನಿ ಆ ಬೇಸಿಗೆಯಲ್ಲಿ ಗಡಿಯ ಮರಗಳಿಗೆ ನೇರಳೆ ಗೆರೆ ಎಳೆಸಿದರು. ಪಕ್ಕದ ಹಿಡುವಳಿಯವರೂ ಅವರನ್ನು ನೋಡಿ ಎಳೆದರು. ಈ ಪ್ರಕರಣದಲ್ಲಿ ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದ್ದು ಇದು. ಗೆದ್ದವರು ಬಾಗಿಲು ಹಾಕಿಕೊಂಡದ್ದೇಕೆ? ಕೇಳಿದೆ. ‘ಇಷ್ಟು ವರ್ಷ ಯಾರು ಬರುತ್ತಾರೆ ಅಂತ ನನಗೆ ಗೊತ್ತಿದೆ ಅಂದುಕೊಂಡಿದ್ದೆ’ ಎಂದರು.

ಮಲೆನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅಡಿಕೆ ತೋಟದ ನಡುವಿನ ಕಾಲುದಾರಿಯಲ್ಲಿ ನೆರೆಯವರು ತಲೆಮಾರಿನಿಂದ ಓಡಾಡುತ್ತಿರುತ್ತಾರೆ, ಯಾರದೂ ತಕರಾರಿಲ್ಲ. ಒಬ್ಬ ಅದನ್ನು ದಾರಿಯೆಂದು ದಾಖಲೆ ಮಾಡಿಸಲು ತಾಲ್ಲೂಕು ಕಚೇರಿಗೆ ಅರ್ಜಿ ಹಾಕಿದ ದಿನ ಬೇಲಿ ಏಳುತ್ತದೆ. ಅರ್ಜಿ ವಜಾ ಆದರೂ ಬೇಲಿ ಕೀಳುವವರಿಲ್ಲ.

ಹುಡುಗಿಯ ತಂದೆ ಯಜಮಾನಿಯ ಮನೆಗೆ ಹೋದದ್ದು ಗೆರೆ ಬಿದ್ದ ಮೇಲೆ. ‘ನಿನಗೆ ಭಾನುವಾರ ಬೇಕಿದ್ದರೆ ಮೊದಲು ನನ್ನನ್ನು ಕೇಳಬೇಕಿತ್ತು’ ಎಂದರಂತೆ. ‘ನೀವು ಹೂಂ ಅಂದಿದ್ದರೂ ಕಾನೂನು ಬಿಡುತ್ತಿರಲಿಲ್ಲವಲ್ಲ’ ಎಂದನಂತೆ. ಇಬ್ಬರ ಮಾತೂ ಸರಿಯೇ. ಅನುಮತಿ ಕೊಡುವ ಅಧಿಕಾರ ಇಬ್ಬರ ಕೈಯಲ್ಲಿದ್ದಾಗ ಯಾರನ್ನು ಮೊದಲು ಕೇಳುತ್ತೇವೆ ಎಂಬುದರಲ್ಲೇ ಅರ್ಧ ಉತ್ತರ ಇರುತ್ತದೆ. ಕ್ಲಬ್ಬು ಮೊದಲು ಕೇಳಿದ್ದು ರಾಜ್ಯವನ್ನು, ಏಕೆಂದರೆ ತಡೆಯುತ್ತಿದ್ದದ್ದು ರಾಜ್ಯದ ಕಾನೂನು. ಕಾನೂನಿನ ಹಿಂದೆ ನಿಂತಿದ್ದವರು ಅವರ ಕಣ್ಣಿಗೆ ಬೀಳಲಿಲ್ಲ.

ಪೆನ್ಸಿಲ್ವೇನಿಯಾದಲ್ಲಿ ಆದದ್ದು ಇಲ್ಲಿ ಏಕಾಗಲಿಲ್ಲ ಎಂದು ಕೆಲವರು ಕೇಳುತ್ತಾರೆ. ಅಲ್ಲಿನ ಶಾಸಕರು ಧೈರ್ಯವಂತರು, ಇಲ್ಲಿನವರು ಹೇಡಿಗಳು ಎಂಬ ಉತ್ತರವನ್ನು ನಾನು ಒಪ್ಪುವುದಿಲ್ಲ. ಪೆನ್ಸಿಲ್ವೇನಿಯಾದ ಗೇಮ್ ಕಮಿಷನ್ ಎಂಬ ವನ್ಯಜೀವಿ ಇಲಾಖೆಯ ಕೈಯಲ್ಲೇ ಬೇಟೆಗೆಂದು ಸುಮಾರು 15 ಲಕ್ಷ ಎಕರೆ ಇದೆ. ಖಾಸಗಿಯವರು ಮುನಿಸಿಕೊಂಡರೂ ಮಗುವನ್ನು ಕರೆದುಕೊಂಡು ಹೋಗಲು ಒಂದು ಜಾಗ ಉಳಿಯುತ್ತದೆ. ಮೇನ್‌ನಲ್ಲಿ ಜಮೀನಿನವರು ಮುನಿದರೆ ಲೈಸೆನ್ಸ್ ಇದ್ದೂ ನಿಲ್ಲಲು ನೆಲವಿಲ್ಲ. ಮಸೂದೆಯ ಪದಗಳು ಒಂದೇ ಇದ್ದರೂ ಅವು ಬೀಳುವ ನೆಲ ಬೇರೆ. ಲಿಖಿತ ಅನುಮತಿ ಅಲ್ಲಿ ಒಡೆಯರನ್ನು ಸಮಾಧಾನ ಮಾಡಿತು, ಇಲ್ಲಿ ಬೇಟೆಗಾರರನ್ನು ಹೆದರಿಸಿತು.

ಯಜಮಾನಿ ಆ ತಂದೆಗೆ ಕೊನೆಗೆ ಒಂದು ಚೀಟಿ ಬರೆದುಕೊಟ್ಟರು, ವಾರದ ಆರು ದಿನಕ್ಕೆ. ಮುಂದಿನ ಅಕ್ಟೋಬರಿನ ಮಕ್ಕಳ ಶುಕ್ರವಾರ ಅವನು ಗ್ಯಾರೇಜಿಗೆ ರಜೆ ಹಾಕಿದ, ಅವಳು ಶಾಲೆಗೆ. ಜಿಂಕೆ ಸಿಗಲಿಲ್ಲ. ಕ್ಲಬ್ಬು ವಸಂತದಲ್ಲಿ ಹಿಡುವಳಿಗಳ ದಾರಿ ಸರಿಮಾಡುವ, ಬಿಟ್ಟುಹೋದ ಮಚಾನುಗಳನ್ನು ಇಳಿಸಿ ಕಸ ಹೆಕ್ಕುವ ಕೆಲಸ ಶುರುಮಾಡಿತು. ಕೆಲವು ಮರಗಳ ಗೆರೆ ಮಾಸಿದೆ, ಮತ್ತೆ ಬಳಿದಿಲ್ಲ. ಹೆಚ್ಚಿನವು ಹಾಗೇ ಇವೆ. ಹುಡುಗಿಗೆ ಈಗ ಹದಿನಾರು ದಾಟಿದೆ, ಮಸೂದೆ ಪಾಸಾಗಿದ್ದರೂ ಅವಳಿಗೆ ಅನ್ವಯಿಸುತ್ತಿರಲಿಲ್ಲ.

ಮೊನ್ನೆ ಇನ್ನೊಬ್ಬ ತಂದೆ ಅದೇ ಬೇಡಿಕೆ ಹಿಡಿದು ಕ್ಲಬ್ಬಿಗೆ ಬಂದ. ಅಧ್ಯಕ್ಷ ಈ ಸಲ ಶಾಸಕಿಗೆ ಫೋನು ಮಾಡಲಿಲ್ಲ. ನಿನ್ನ ಮಗ ಭಾನುವಾರ ಯಾರ ಯಾರ ನೆಲದಲ್ಲಿ ನಿಲ್ಲುತ್ತಾನೋ ಅವರ ಪಟ್ಟಿ ತೆಗೆದುಕೊಂಡು ಬಾ, ಪ್ರತಿಯೊಬ್ಬರನ್ನೂ ಕಂಡು ಮಾತಾಡಿ ಬಾ ಎಂದ. ಅವನು ಹೆಚ್ಚಿನವರನ್ನು ಕಂಡು ಬಂದಿದ್ದಾನೆ. ಎರಡು ಹಿಡುವಳಿಗಳ ಒಡೆಯರು ಮಾತ್ರ ಫ್ಲಾರಿಡಾದಲ್ಲಿದ್ದಾರೆ, ಬರೆದ ಕಾಗದಕ್ಕೆ ಉತ್ತರ ಬಂದಿಲ್ಲ. ಮಸೂದೆಯ ಕರಡು ಇನ್ನೂ ಶುರುವಾಗಿಲ್ಲ.